ಎಪ್ಪತ್ತೆರಡು ಮೇಳಗಳ ವೇಂಕಟಮಖಿ

ಕರ್ನಾಟಕ ಸಂಗೀತವನ್ನು ಅಭ್ಯಸಿಸುವ ಮಕ್ಕಳೆಲ್ಲರೂ ೭೨ ಮೇಳಕರ್ತ ರಾಗಗಳ ಮಾತನ್ನು ಕೇಳಿರುತ್ತಾರೆ. ಆ ಸಂಖ್ಯೆ ೭೧ ಅಥವಾ ೭೩ ಆಗದೆ ೭೨ ಏಕಾಯಿತೆಂಬುದನ್ನು ಲೆಕ್ಕಹಾಕಿ ಸ್ಥಾಪಿಸಿದವನು ಹದಿನೇಳನೆಯ ಶತಮಾನದ ತಂಜಾವೂರಿನ ವೇಂಕಟಮಖಿ. ತಮಿಳುನಾಡಿನಲ್ಲಿದ್ದು ಕನ್ನಡವನ್ನು ಕಲಿಸುತ್ತ ಐವತ್ತು ವರ್ಷಗಳನ್ನು ಪೂರೈಸಿದ ನಮ್ಮ ಶಾಲೆಯ ಸಂಚಿಕೆಯಲ್ಲಿ ಆತನ ಚರಿತ್ರೆಯನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ಆತನ ಮನೆತನವು ಕರ್ನಾಟಕ ಮೂಲದ್ದು.

ತಂದೆ ಗೋವಿಂದ ದೀಕ್ಷಿತರು ತಂಜಾವೂರಿನ ನಾಯಕ ಅರಸರಿಗೆ ಮಂತ್ರಿಗಳಾಗಿದ್ದ ಮಹಾವಿದ್ವಾಂಸರು, ತಾಯಿ ನಾಗಮಾಂಬೆ. ಕುಂಭಕೋಣದ ಮಹಾಮಖ ತೀರ್ಥದ ಸುತ್ತ ಇರುವ ಹದಿನಾರು ಮಂಟಪಗಳು ಈ ಮಂತ್ರಿಗಳ ಕಾಲದವು. ಸಮೀಪದ ಪಟ್ಟೀಶ್ವರದ ದೇವಾಲಯದಲ್ಲಿ ದಂಪತಿಗಳ ಶಿಲಾಪ್ರತಿಮೆಗಳಿವೆ. ಹಿರಿಯ ಮಗ ಯಜ್ಞನಾರಾಯಣ ದೀಕ್ಷಿತನು ಕವಿ. ಕಿರಿಯವನಾದ ವೇಂಕಟೇಶ್ವರನೇ ಮುಂದೆ ವೇಂಕಟಮಖಿ ಎಂದು ಪ್ರಸಿದ್ಧನಾದನು; ಮಖಿ ಎಂದರೆ ಯಜ್ಞ ಮಾಡಿದವನು. ಆತನು ಮೀಮಾಂಸಾಶಾಸ್ತ್ರದಲ್ಲಿ ಪಂಡಿತನಾಗಿ 'ವಾರ್ತಿಕಾಭರಣ'ವೆಂಬ ಗ್ರಂಥವನ್ನು ರಚಿಸಿದನು. ಸಂಗೀತದಲ್ಲಿ ತಾನಪ್ಪಾಚಾರ್ಯರು ಆತನ ಗುರುಗಳು.

ರಘುನಾಥ ನಾಯಕನ ಹೆಸರಿನಲ್ಲಿ ಪ್ರಚಾರದಲ್ಲಿದ್ದ 'ಸಂಗೀತಸುಧಾ' ಗ್ರಂಥವು ತನ್ನ ತಂದೆಯ ಕೃತಿಯೆಂದು ವೇಂಕಟಮಖಿಯು ತನ್ನ ಪುಸ್ತಕದಲ್ಲಿ ತಿಳಿಸಿದ್ದಾನೆ. ಅರಸನ ಮಗನ ಆಶ್ರಯದಲ್ಲಿದ್ದುಕೊಂಡೇ ಇದನ್ನು ಬರೆಯಲು ಧೈರ್ಯ ಬೇಕು.

ಆ ಮಗನೇ ವಿಜಯರಾಘವ ನಾಯಕ. ಅವನ ಪ್ರೇರಣೆಯಿಂದ ವೇಂಕಟಮಖಿಯು ಸಂಸ್ಕೃತದಲ್ಲಿ 'ಚತುರ್ದಂಡೀ ಪ್ರಕಾಶಿಕೆ'ಯನ್ನು ರಚಿಸಿದನು. ಗೀತ, ಆಲಾಪ, ಠಾಯ, ಪ್ರಬಂಧ ಇವೇ ನಾಲ್ಕು ದಂಡಿಗಳು. ಗ್ರಂಥವು ವೀಣೆಯಿಂದ ಆರಂಭವಾಗುವುದು ಅರ್ಥಪೂರ್ಣವಾಗಿದೆ. ರಾಗಕ್ಕೆ ತಕ್ಕಂತೆ ಮೆಟ್ಟಿಲುಗಳನ್ನು ಹೊಂದಿಸಿಕೊಳ್ಳುವ ವೀಣೆಯೂ, ಸ್ಥಿರವಾದ ಮೆಟ್ಟಿಲುಗಳ ಮೇಲೆ ಎಲ್ಲ ರಾಗಗಳನ್ನೂ ನುಡಿಸಬಹುದಾದ ವೀಣೆಯೂ ಆಗ ಇದ್ದವು. ಎರಡನೆಯದರಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಸ್ಥಾನಗಳು. ಸ್ಥಾನಗಳು ಹೀಗೆ ನಿಶ್ಚಿತವಾದ ಮೇಲೆ ಅವುಗಳಿಂದ ಎಷ್ಟು ಮೇಳಗಳು ಹುಟ್ಟಬಲ್ಲವೆಂಬುದು ಗಣಿತದ ಪ್ರಶ್ನೆಯಾಗುತ್ತದೆ.

ಹೈಸ್ಕೂಲಿನ ವಿದ್ಯಾರ್ಥಿಗಳು ಇದನ್ನು ಒಂದು ಹಾಳೆಯಲ್ಲಿ ತಾವೇ ಮಾಡಿ ನೋಡಬಹುದು. ಷಡ್ಜ, ಪಂಚಮಗಳು ಅಚಲ. ಷಡ್ಜದ ಮೇಲಿನ ನಾಲ್ಕು ಸ್ಥಾನಗಳಲ್ಲಿ ಒಂದು ರಿಷಭಕ್ಕೂ ಅದಕ್ಕಿಂತ ಮೇಲಿನ ಒಂದು ಗಾಂಧಾರಕ್ಕೂ ಸಲ್ಲಬೇಕು. ರಿಷಭವು ಮೊದಲನೆಯ ಸ್ಥಾನದಲ್ಲಿದ್ದರೆ ಗಾಂಧಾರಕ್ಕೆ ಮೂರು ಸ್ಥಾನಗಳು, ಎರಡನೆಯದರಲ್ಲಿದ್ದರೆ ಎರಡು, ಮೂರನೆಯದರಲ್ಲಿದ್ದರೆ ಒಂದೇ. ಒಟ್ಟು ಆರು ಜೋಡಿಗಳು. ಪಂಚಮದ ಮೇಲಿನ ನಾಲ್ಕು ಸ್ಥಾನಗಳಲ್ಲಿ ಧೈವತ, ನಿಷಾದಗಳಿಗೂ ಹಾಗೆಯೇ ಆರು. ಆರನ್ನು ಆರರಿಂದ ಗುಣಿಸಿದರೆ ೩೬. ಮಧ್ಯಮಗಳು ಎರಡಾದುದರಿಂದ ೭೨. ಛಂದಸ್ಸಿನಲ್ಲಿ ಲಘು ಗುರುಗಳ ಪ್ರಸ್ತಾರ ಹಾಕಿದವರಿಗೆ ಈ ದಾರಿ ಪರಿಚಿತವೇ. ಶಂಕರಾಭರಣ ೨೯ನೆಯದು, ಅದರ ಶುದ್ಧ ಮಧ್ಯಮವನ್ನು ಬಿಟ್ಟು ಪ್ರತಿ ಮಧ್ಯಮವನ್ನು ಹಿಡಿದರೆ ೩೬ ಕೂಡಿ ೬೫ನೆಯ ಕಲ್ಯಾಣಿ ದೊರೆಯುತ್ತದೆ.

ಆದರೆ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವೆಂದು ವೇಂಕಟಮಖಿಯು ವಿವರಿಸಿದ ಮೇಳಗಳು ಕೇವಲ ೧೯. ಅವುಗಳಲ್ಲಿ ಒಂದಾದ ಸಿಂಹರವವು ಆತನದೇ ಸೃಷ್ಟಿ. ಕೋಷ್ಟಕದಲ್ಲಿ ಅದರ ಸ್ಥಾನ ೫೮. ಉಳಿದ ೫೩ಕ್ಕೆ ಹಾಡುವವರೇ ಇರಲಿಲ್ಲ! ಹಾಡದ ರಾಗಗಳಿಗೆ ಲೆಕ್ಕವೇಕೆಂಬ ಆಕ್ಷೇಪವನ್ನು ಆತನೇ ಎತ್ತಿಕೊಂಡು, ಬೇರೆ ನಾಡುಗಳಲ್ಲಿ ಇರುವ, ಮುಂದೆ ಹುಟ್ಟಬಹುದಾದ ರಾಗಗಳಿಗೂ ಈ ವ್ಯವಸ್ಥೆಯಲ್ಲಿ ಎಡೆಯಿರಬೇಕೆಂದು ಸಮಾಧಾನ ಹೇಳಿದ್ದಾನೆ. ತನ್ನ ಲೆಕ್ಕದಲ್ಲಿ ಒಂದನ್ನು ಹೆಚ್ಚಿಸಲು ಅಥವಾ ಕಡಿಮೆ ಮಾಡಲು ಶಿವನಿಂದಲೂ ಆಗದೆಂಬುದು ಆತನ ಅಭಿಮಾನ. ವಿಜಯನಗರದ ರಾಮಾಮಾತ್ಯನು ೧೫೫೦ರಲ್ಲಿ ಬರೆದ 'ಸ್ವರಮೇಳಕಲಾನಿಧಿ'ಯನ್ನು ಖಂಡಿಸುವಾಗ ಆತನ ಲೇಖನಿ ಮಿತಿಮೀರಿ ಕಟುವಾಗಿದೆಯೆಂದು ನನ್ನ ಅಭಿಪ್ರಾಯ. ೨೦ ಮೇಳಗಳನ್ನು ಹೇಳಿದ ಆ ಹಿರಿಯನ ದಾರಿಯಲ್ಲಿಯೇ ಅಲ್ಲವೇ ಈತನೂ ಮುಂದುವರಿದುದು?

೧೬೭೩ರಲ್ಲಿ ಮಧುರೆಯ ಸೈನ್ಯದ ಎದುರು ವಿಜಯರಾಘವನು ಮಡಿದು ತಂಜಾವೂರಿನ ನಾಯಕರ ಆಳ್ವಿಕೆ ಅಂತ್ಯಗೊಂಡಿತು. ಗ್ರಂಥವು ಓಲೆ, ಹಸ್ತಪ್ರತಿಗಳಲ್ಲಿ ಉಳಿಯಿತು. ವೇಂಕಟಮಖಿಯ ಸಂಪ್ರದಾಯವು ಮುತ್ತುಸ್ವಾಮಿ ದೀಕ್ಷಿತರ ಮನೆತನಕ್ಕೆ ಬಂದಿತು. ಆ ಮನೆತನದ ಸುಬ್ಬರಾಮ ದೀಕ್ಷಿತರನ್ನು ಪಂಡಿತ ಭಾತಖಂಡೆಯವರು ೧೯೦೪ರಲ್ಲಿ ಎಟ್ಟಯಾಪುರದಲ್ಲಿ ಕಂಡು ಮೇಳಪದ್ಧತಿಯನ್ನು ಚರ್ಚಿಸಿದರು. ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟ್‌ಗಳಾಗಿ ವಿಂಗಡಿಸುವಾಗ ಅದು ಅವರಿಗೆ ನೆರವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಹಾವೈದ್ಯನಾಥ ಅಯ್ಯರ್ ಅವರು ೭೨ ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಹಾಡಿ ತೋರಿಸಿದ್ದರು.

ಮದರಾಸಿನ ಸಂಗೀತ ಅಕಾಡೆಮಿಯು ೧೯೩೪ರಲ್ಲಿ ಮೂಲವನ್ನು ಅಚ್ಚು ಹಾಕಿಸಿತು. ಆಗ ದೊರೆತದ್ದು ಪ್ರಬಂಧ ಪ್ರಕರಣದ ನಡುವಿನವರೆಗೆ ಮಾತ್ರ. ಸಂಗೀತದಲ್ಲಿ ಎಣಿಕೆಗೆ ಅತ್ಯಂತ ಹತ್ತಿರವಾದ ತಾಳವನ್ನು ಕುರಿತು ವೇಂಕಟಮಖಿಯು ಯೋಜಿಸಿದ ಹತ್ತನೆಯ ಪ್ರಕರಣವು ಆ ಪ್ರತಿಗಳಲ್ಲಿ ಇರಲಿಲ್ಲ.