ಫ್ಲಾರೆನ್ಸ್ ನೈಟಿಂಗೇಲ್ (1820–1910): ಆರೈಕೆ ಕೈಬದಲಾಗುವಾಗಿನ ಹೊಣೆ

ಆಸ್ಪತ್ರೆಯಿಂದ ವೃದ್ಧಾಶ್ರಮಕ್ಕೆ ಮರಳುವ ಹಿರಿಯ ನಾಗರಿಕರ ಆರೈಕೆಯಲ್ಲಿ ಲೋಪ ಉಂಟಾಗದಂತೆ ನೋಡಿಕೊಳ್ಳಬಯಸುವವರು ಆಧುನಿಕ ಶುಶ್ರೂಷಾ ವೃತ್ತಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಜೀವನವನ್ನು ಅರಿಯುವುದು ಉಪಯುಕ್ತವಾಗಿರುತ್ತದೆ.

ಇವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಆಂಗ್ಲ ಕುಟುಂಬವೊಂದರಲ್ಲಿ ಜನಿಸಿದರು. ಮನೆಯವರ ವಿರೋಧವಿದ್ದಾಗ್ಯೂ ಶುಶ್ರೂಷೆಯ ತರಬೇತಿ ಪಡೆದು, 1853ರಲ್ಲಿ ಲಂಡನ್ನಿನ ಹಾರ್ಲೆ ಬೀದಿಯ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. 1854ರ ನವೆಂಬರ್‌ನಲ್ಲಿ 38 ಮಂದಿ ದಾದಿಯರೊಡನೆ ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೇನಾ ಆಸ್ಪತ್ರೆಯನ್ನು ತಲುಪಿದರು. ದೀಪ ಹಿಡಿದು ರಾತ್ರಿ ವಾರ್ಡುಗಳಲ್ಲಿ ಸಂಚರಿಸುತ್ತಿದ್ದ ಅವರ ಚಿತ್ರ ಎಲ್ಲರಿಗೂ ಪರಿಚಿತ. ಆದರೆ ಅಲ್ಲಿ ಅವರು ಕಂಡ ಆಡಳಿತ ಲೋಪಗಳು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕ್ರೈಮಿಯಾದಿಂದ ಕಪ್ಪು ಸಮುದ್ರ ದಾಟಿ ಹಡಗಿನಲ್ಲಿ ಬರುತ್ತಿದ್ದ ಸೈನಿಕರಲ್ಲಿ ಅನೇಕರು ದಾರಿಯಲ್ಲಿಯೇ ಮೃತಪಡುತ್ತಿದ್ದರು. ಅಂಗಿಗಳು ಬಂದಿಳಿದಿದ್ದರೂ ತಪಾಸಣಾ ಮಂಡಳಿಯು ಪರಿಶೀಲಿಸುವವರೆಗೆ ಗಂಟು ಬಿಚ್ಚುವಂತಿರಲಿಲ್ಲ. ವೈದ್ಯ ವಿಭಾಗ ಒಂದು, ಸರಬರಾಜು ವಿಭಾಗ ಮತ್ತೊಂದು, ನಡುವೆ ರೋಗಿ. ಕಚೇರಿ ವ್ಯವಹಾರ ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ.

ಯುದ್ಧಾನಂತರ, 1859ರಲ್ಲಿ ಶುಶ್ರೂಷೆಯ ಕುರಿತು ಬರೆದ ಪುಸ್ತಕದಲ್ಲಿ ಇದೇ ವಿಷಯಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟರು. ತಾನು ಇರುವಾಗ ನಡೆಯುವ ಆರೈಕೆ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದಿದ್ದಲ್ಲಿ ಎಷ್ಟೇ ಶ್ರದ್ಧೆಯ ಸೇವೆಯೂ ವ್ಯರ್ಥವೆಂಬುದು ಅವರ ನಿಲುವು. ರೋಗಿ ಚೆನ್ನಾಗಿದ್ದಾರೆ ಎಂಬ ಮೋಘಮ್ ಉತ್ತರವನ್ನು ಅವರು ಒಪ್ಪುತ್ತಿರಲಿಲ್ಲ. ಎಷ್ಟು ನಿದ್ರೆ, ಎಷ್ಟು ಆಹಾರ ಎಂಬ ಖಚಿತ ವಿವರವನ್ನೇ ಬಯಸುತ್ತಿದ್ದರು.

ಲಗ್ಗೆರೆಯ ವೃದ್ಧಾಶ್ರಮವೊಂದರ ನಿವಾಸಿಯು ಚಿಕಿತ್ಸೆ ಮುಗಿಸಿ ಸಂಜೆ ಆಟೋದಲ್ಲಿ ಮರಳಿದರೆಂದು ಭಾವಿಸಿ. ಬಿಡುಗಡೆ ಪತ್ರ ಮಗನ ಜೇಬಿನಲ್ಲಿಯೇ ಉಳಿಯುತ್ತದೆ. ಆಶ್ರಮದ ಡಬ್ಬಿಯಲ್ಲಿ ಹಳೆಯ ರಕ್ತದೊತ್ತಡದ ಮಾತ್ರೆ, ಚೀಲದಲ್ಲಿ ಅದೇ ಔಷಧಿ ಬೇರೆ ಹೆಸರಿನಲ್ಲಿ. ರಾತ್ರಿ ಪಾಳಿಯ ಸಹಾಯಕಿ ಎರಡನ್ನೂ ನೀಡುತ್ತಾರೆ. ಬೆಳಗ್ಗೆ ಎದ್ದು ನಿಂತಾಗ ತಲೆಸುತ್ತಿ ಬಿದ್ದವರು ಪುನಃ ಆಸ್ಪತ್ರೆಗೆ. ಇಲ್ಲಿ ದುರುದ್ದೇಶ ಯಾರಿಗೂ ಇರುವುದಿಲ್ಲ. ಆದುದರಿಂದ ಯಾವ ಔಷಧಿ ನಿಂತಿದೆ, ಯಾವುದು ಹೊಸದು, ಮರುತಪಾಸಣೆ ಎಂದು ಎಂಬುದನ್ನು ವಾರಸುದಾರರು ಬಿಡುಗಡೆಗೆ ಮುನ್ನ ಬರೆಸಿಕೊಂಡು, ಆಶ್ರಮದಲ್ಲಿ ಹೊಣೆ ಹೊತ್ತ ಒಬ್ಬರ ಕೈಗೇ ತಲುಪಿಸತಕ್ಕದ್ದು. ಬೆನ್ನು, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಇದೆಯೇ ಎಂದು ಅಂದೇ ನೋಡತಕ್ಕದ್ದು. ಹಿರಿಯ ನಾಗರಿಕರು ಮಾಹಿತಿ ಹಾಗೂ ನೆರವಿಗಾಗಿ 14567 ಸಹಾಯವಾಣಿಗೆ ಕರೆ ಮಾಡಬಹುದಾಗಿದೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಅವರ ಹೆಸರಿನ ದಾದಿಯರ ತರಬೇತಿ ಶಾಲೆ ಆರಂಭವಾಯಿತು. 1865ರಲ್ಲಿ ಲಿವರ್‌ಪೂಲ್‌ನ ಅನಾಥಾಲಯದ ಆಸ್ಪತ್ರೆಗೆ, ಅಂದರೆ ದಿಕ್ಕಿಲ್ಲದ ಬಡವರು ಹಾಗೂ ವೃದ್ಧರು ಸೇರುತ್ತಿದ್ದ ಸ್ಥಳಕ್ಕೆ, ಅಲ್ಲಿ ತರಬೇತಾದ ದಾದಿಯರನ್ನು ಕಳುಹಿಸಲಾಯಿತು. ಅಲ್ಲಿಯವರೆಗೆ ಒಬ್ಬ ರೋಗಗ್ರಸ್ತ ನಿವಾಸಿಯನ್ನು ಮತ್ತೊಬ್ಬ ನಿವಾಸಿಯೇ ನೋಡಿಕೊಳ್ಳಬೇಕಾಗಿತ್ತು.

1857ರಿಂದ ಸ್ವತಃ ದೀರ್ಘಕಾಲ ಹಾಸಿಗೆ ಹಿಡಿದಿದ್ದ ನೈಟಿಂಗೇಲ್ ಅವರು ಮಲಗಿದಲ್ಲಿಂದಲೇ ಪತ್ರ, ವರದಿಗಳನ್ನು ಬರೆಯುತ್ತಿದ್ದರು. ಕೊನೆಯ ವರ್ಷಗಳಲ್ಲಿ ದೃಷ್ಟಿ ಹೋಯಿತು, ನೆನಪು ಕುಂದಿತು. ಇತರರ ಆರೈಕೆಯನ್ನು ಅವಲಂಬಿಸಬೇಕಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, ತಮ್ಮ 90ನೇ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ನಿದ್ರೆಯಲ್ಲಿಯೇ ನಿಧನ ಹೊಂದಿದರು.