ಮೈಸೂರಿನಲ್ಲೇ ಉಳಿದ ಮೇಷ್ಟ್ರು

ಕುಮಾರಸ್ವಾಮಿ ಲೇಔಟಿನ ಕಡೆ ಸಂಜೆ ಹೊತ್ತು ನಡೆದು ಹೋದರೆ ಕಾಲೇಜಿನ ಹುಡುಗರು ಬಾಸ್ಕೆಟ್‌ಬಾಲ್ ಆಡುವುದು ಕಾಣುತ್ತದೆ. ಒಂದು ತಂಡ ನಾಲ್ಕಾರು ಪಂದ್ಯ ಗೆದ್ದರೆ ಅದರ ತರಬೇತುದಾರರಿಗೆ ದೊಡ್ಡ ಕಾಲೇಜಿನಿಂದ ಕರೆ ಬರುವುದುಂಟು. ಹಲವರು ಹೋಗುತ್ತಾರೆ, ಕೆಲವರು ಇದ್ದಲ್ಲೇ ಇರುತ್ತಾರೆ. ಹಾಗೆ ಉಳಿದವರನ್ನು ಕಂಡು, ಪಾಪ, ಇವರಿಗೆ ಬೇರೆಲ್ಲೂ ಸಿಗಲಿಲ್ಲವೇನೋ ಎಂದು ನಾವು ಮರುಗುತ್ತೇವೆ. ಆ ಮರುಕ ಸರಿಯೇ? ಉತ್ತರಕ್ಕಾಗಿ ಮೈಸೂರಿನ ಒಬ್ಬ ಮೇಷ್ಟ್ರ ಬಾಳನ್ನು ನೋಡೋಣ. ಅವರು ಕಲಿಸಿದ್ದು ಆಟವನ್ನಲ್ಲ, ಸಂಸ್ಕೃತವನ್ನು ಮತ್ತು ತತ್ವಶಾಸ್ತ್ರವನ್ನು. ಅವರ ಹೆಸರು ಎಂ. ಹಿರಿಯಣ್ಣ.

ಹಿರಿಯಣ್ಣನವರು 1871ರಲ್ಲಿ ಹುಟ್ಟಿದರು. ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿ ಹಳೆಯ ಓಲೆಗರಿಗಳ ನಡುವೆ ವರ್ಷಗಳನ್ನು ಕಳೆದರು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿಕೊಟ್ಟದ್ದೂ ಇದೇ ಗ್ರಂಥಭಂಡಾರದಿಂದ. ಮುಂದೆ ಹಿರಿಯಣ್ಣನವರು ಶಿಕ್ಷಕರಾದರು, ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಎರಡು ವರ್ಷಗಳ ಬಳಿಕ ಎಸ್. ರಾಧಾಕೃಷ್ಣನ್ ಅವರು ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಅಲ್ಲಿಗೆ ಬಂದರು. 1921ರಲ್ಲಿ ಅವರಿಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದ ಕರೆ ಬಂತು. ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣದವರೆಗೆ ಅವರನ್ನು ಬೀಳ್ಕೊಟ್ಟ ಪ್ರಸಂಗ ಎಲ್ಲರಿಗೂ ಗೊತ್ತು. ಅಲ್ಲಿಂದ ಆಕ್ಸ್‌ಫರ್ಡ್, ಆಮೇಲೆ ರಾಷ್ಟ್ರಪತಿ ಭವನ. ಆ ದಾರಿ ದೊಡ್ಡದೇ. ಅವರು ಹೋದದ್ದರಿಂದ ನಾಡಿಗೆ ಒಳ್ಳೆಯದೇ ಆಯಿತು.

ಆದರೆ ರೈಲು ಹೊರಟ ಮರುದಿನವೂ ಕಾಲೇಜಿನಲ್ಲಿ ಗಂಟೆ ಹೊಡೆಯಬೇಕಲ್ಲವೇ? ತರಗತಿಯಲ್ಲಿ ಯಾರಾದರೂ ನಿಲ್ಲಬೇಕಲ್ಲವೇ? ಹಾಗೆ ನಿಂತವರಲ್ಲಿ ಹಿರಿಯಣ್ಣನವರು ಒಬ್ಬರು.

ಅವರು ಮಾತು ಕಡಿಮೆ, ಬರಹ ಅಳತೆ ಎನ್ನುವಂಥವರು. 1924ರಲ್ಲಿ ಭರ್ತೃಪ್ರಪಂಚನೆಂಬ ಪ್ರಾಚೀನ ವೇದಾಂತಿಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಆತನ ಗ್ರಂಥ ಕಳೆದೇಹೋಗಿತ್ತು. ಬೇರೆಯವರು ಅಲ್ಲಲ್ಲಿ ಹೇಳಿದ್ದನ್ನೆಲ್ಲ ಹೆಕ್ಕಿ, ಕೂಡಿಸಿ, ಆತನ ವಿಚಾರವನ್ನು ಮತ್ತೆ ಕಟ್ಟಿಕೊಟ್ಟರು. ಊರಿಂದೂರಿಗೆ ಪೆಟ್ಟಿಗೆ ಕಟ್ಟುವವರಿಗೆ ಇಂಥ ಕೆಲಸ ಸುಲಭವಲ್ಲ. ಪುಸ್ತಕಗಳ ಹತ್ತಿರವೇ ವರ್ಷಗಟ್ಟಲೆ ಕುಳಿತಿರಬೇಕು.

ಇನ್ನೂ ದೊಡ್ಡ ಫಲ ಬಂದದ್ದು ತರಗತಿಯಿಂದ. ವರ್ಷ ವರ್ಷವೂ ಹೊಸ ಹುಡುಗರು ಬಂದರು; ಅದೇ ಪಾಠವನ್ನು ಮತ್ತೆ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಪಾಠ ತಿಳಿಯಾಯಿತು. 1927ರಲ್ಲಿ ನಿವೃತ್ತರಾದ ಮೇಲೆ ಆ ಪಾಠಗಳೇ ಪುಸ್ತಕವಾದವು. 1932ರಲ್ಲಿ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಲಂಡನ್ನಿನಲ್ಲಿ ಅಚ್ಚಾಯಿತು. ರಾಧಾಕೃಷ್ಣನ್ ಅವರ ಗ್ರಂಥವನ್ನು ಹೊರತಂದ ಪ್ರಕಾಶಕರೇ ಇದನ್ನೂ ಹೊರತಂದರು. ಹೋದವರೂ ಉಳಿದವರೂ ಕೊನೆಗೆ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತರು! ಕಾಲೇಜು ಮಕ್ಕಳಿಗೆಂದು ಬರೆದ ಆ ಪುಸ್ತಕವನ್ನು ಇಂದಿಗೂ ದೇಶವಿದೇಶಗಳಲ್ಲಿ ಓದುತ್ತಾರೆ. 1949ರಲ್ಲಿ ಇನ್ನೊಂದು ಪುಸ್ತಕ ಬಂತು. 1950ರ ಸೆಪ್ಟೆಂಬರ್‌ನಲ್ಲಿ ಹಿರಿಯಣ್ಣನವರು ತೀರಿಕೊಂಡರು.

ಪ್ರಿಯ ಓದುಗರೇ, ಹೋಗುವುದು ತಪ್ಪಲ್ಲ. ಮನೆಯಲ್ಲಿ ಸಾಲವಿದ್ದರೆ, ಮಕ್ಕಳ ಓದಿನ ಖರ್ಚಿದ್ದರೆ, ಹೆಚ್ಚು ಸಂಬಳದ ಕಡೆ ಹೋಗುವುದು ಕರ್ತವ್ಯವೂ ಆದೀತು. ಆದರೆ ಉಳಿಯುವುದು ಸೋಲಲ್ಲ. ಕೆಲವು ಕೆಲಸಗಳು ನಿಂತ ನೆಲದಲ್ಲಿ ಮಾತ್ರ ಬೆಳೆಯುತ್ತವೆ. ಮೊದಲ ವರ್ಷ ಚೆಂಡು ಹಿಡಿಯಲೂ ಬಾರದ ಹುಡುಗ ಮೂರನೆಯ ವರ್ಷ ತಂಡದ ನಾಯಕನಾಗುವುದನ್ನು ನೋಡಬೇಕಾದರೆ ತರಬೇತುದಾರ ಮೂರು ವರ್ಷ ಅಲ್ಲೇ ಇರಬೇಕು. ಅವನ ತಮ್ಮನಿಗೂ ಕಲಿಸಬೇಕಾದರೆ ಇನ್ನೂ ಮೂರು ವರ್ಷ.

ಹೂವಿನ ಸಾರೋಟು ಹೋಗುವವರಿಗೆ ಸಿಗುತ್ತದೆ. ಉಳಿದವರಿಗೆ ಯಾರೂ ಹೂ ಕಟ್ಟುವುದಿಲ್ಲ. ನಿಮ್ಮ ಮಗನಿಗೋ ಮಗಳಿಗೋ ಹತ್ತಾರು ವರ್ಷಗಳಿಂದ ಒಂದೇ ಕಡೆ ಇದ್ದು ಕಲಿಸುತ್ತಿರುವ ಮೇಷ್ಟ್ರೋ ತರಬೇತುದಾರರೋ ಇದ್ದರೆ, ಈ ವಾರ ಮಗುವಿನ ಕೈಹಿಡಿದು ಹೋಗಿ ಒಂದು ನಮಸ್ಕಾರ ಹೇಳಿ ಬನ್ನಿ. ನಿವೃತ್ತಿಯ ಸಮಾರಂಭದ ತನಕ ಕಾಯಬೇಡಿ.