ತವರಿಗೆ ಹೊರಟ ಮೊದಲ ಕಾರು

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಮಂದಿ ಚಿಕ್ಕಪಡಸಲಗಿಗೆ ಹೋಗಿದ್ವಿ. ಕೃಷ್ಣಾ ನದಿಗೆ ರೈತರೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ಕಟ್ಟಿಕೊಂಡ ಬ್ಯಾರೇಜ್ ನೋಡಬೇಕು ಅನ್ನೋದು ನಮ್ಮ ಬಹಳ ದಿನದ ಆಸೆ. ಹೋಗಿದ್ದು ಗೆಳೆಯನ ಕಾಕಾ ಅವರ ಹಳೇ ಕಾರಿನಲ್ಲಿ. ಬ್ಯಾರೇಜ್ ನೋಡಿ ವಾಪಸ್ ಹೊರಡೋ ಹೊತ್ತಿಗೆ ಕ್ಲಚ್ ಪೆಡಲ್ ಒತ್ತಿದರೆ ಅದು ಕೆಳಗೇ ಕೂತುಬಿಡ್ತು. ಕಾಲ ಬೆರಳಿನಿಂದ ಎತ್ತಿದರೆ ಮೇಲೆ ಬರುತ್ತೆ, ಮತ್ತೆ ಒತ್ತಿದರೆ ಮತ್ತೆ ಅಲ್ಲೇ.

ನಾವು ನಾಲ್ಕು ಹುಡುಗರು ಬಾನೆಟ್ ಎತ್ತಿ ಭಾಷಣ ಶುರು ಮಾಡಿದ್ವಿ. ಕ್ಲಚ್ ಪ್ಲೇಟ್ ಹೋಗಿದೆ ಅಂತ ಒಬ್ಬ, ಗೇರ್‌ಬಾಕ್ಸ್ ಇಳಿಸಲೇಬೇಕು ಅಂತ ಇನ್ನೊಬ್ಬ. ಗುಂಪಿನಲ್ಲಿದ್ದ ಒಬ್ಬಳೇ ಹುಡುಗಿಗೆ ಮೊಬೈಲ್ ಟಾರ್ಚ್ ಹಿಡಿದು ನಿಲ್ಲು ಅಂದ್ವಿ. ಆಕೆ ಸ್ವಲ್ಪ ಹೊತ್ತು ಹಿಡಿದಳು. ಆಮೇಲೆ ಟಾರ್ಚನ್ನು ನಮ್ಮ ಕೈಗೇ ಕೊಟ್ಟು, ಜಮಖಂಡಿಯ ಮಿಸ್ತ್ರಿಯೊಬ್ಬರಿಗೆ ಫೋನ್ ಹಚ್ಚಿದಳು. ಅವರು ಹೇಳಿದಂತೆ ಇಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಕೇಬಲ್ಲಿನ ಎರಡೂ ತುದಿ ಬಿಚ್ಚಿದಳು. ಈಗ ಪೆಡಲ್, ಕೇಬಲ್, ಗೇರ್‌ಬಾಕ್ಸ್ ಮೇಲಿನ ಕ್ಲಚ್ ಲಿವರ್ ಮೂರೂ ಬೇರೆ ಬೇರೆ. ಪೆಡಲ್ ಸಲೀಸಾಗಿ ಆಡ್ತಿತ್ತು. ಲಿವರ್ ತಾನಾಗಿಯೇ ತನ್ನ ಜಾಗಕ್ಕೆ ಬಂದಿತ್ತು. ಕೇಬಲ್ ಒಳಗಿನ ತಂತಿ ಮಾತ್ರ ಜಗ್ಗಿದರೂ ಜಾರಲಿಲ್ಲ. ಹೊದಿಕೆಯೊಳಗೆ ತುಕ್ಕು, ಧೂಳು ಸೇರಿ ಬಿಗಿಯಾಗಿತ್ತು. ನಾಲ್ಕು ಹನಿ ಎಣ್ಣೆ ಇಳಿಸಿ, ತಂತಿಯನ್ನು ಹಿಂದೆ ಮುಂದೆ ಆಡಿಸಿ, ನಿಧಾನಕ್ಕೆ ಜಮಖಂಡಿ ಮುಟ್ಟಿ ಹೊಸ ಕೇಬಲ್ ಹಾಕಿಸಿದ್ವಿ. ನಾವು ಬೈದಿದ್ದು ಪ್ಲೇಟನ್ನು, ತಪ್ಪು ಇದ್ದದ್ದು ಕೇಬಲ್ಲಿನಲ್ಲಿ.

ಈ ಸಂಚಿಕೆಗೆ ಏನು ಬರೆಯೋದು ಅಂತ ಕೂತಾಗ ನಮಗೆ ಆ ಸಂಜೆಯೇ ನೆನಪಾಯ್ತು. ಅದರ ಹಿಂದೆಯೇ ಇನ್ನೊಬ್ಬರು ನೆನಪಾದರು. ಕಾರು ಅನ್ನೋ ವಸ್ತು ಹುಟ್ಟಿದ ಹೊಸತರಲ್ಲೇ ಅದನ್ನು ದೂರದ ದಾರಿಗೆ ತಂದು, ಕೆಟ್ಟಲ್ಲೆಲ್ಲ ನಿಲ್ಲಿಸಿ ಸರಿ ಮಾಡಿಕೊಂಡು ಮುಂದೆ ಹೋದ ಬರ್ತಾ ಬೆಂಜ್.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ. ತಂದೆ ಮರಗೆಲಸದಿಂದ ಮೇಲೆ ಬಂದು ಕಟ್ಟಡ ಕಟ್ಟಿಸುತ್ತಿದ್ದ ಅನುಕೂಲಸ್ಥರು. ಯಂತ್ರಗಳ ಬಗ್ಗೆ ಬರ್ತಾಗೆ ಚಿಕ್ಕಂದಿನಿಂದಲೂ ಕುತೂಹಲ. ಆದರೆ ಆ ಕಾಲದ ಜರ್ಮನಿಯಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಕಾರ್ಲ್ ಬೆಂಜ್ ಎಂಬ ಬಡ ಇಂಜಿನಿಯರ್ ಜೊತೆ ಮದುವೆ ನಿಶ್ಚಯವಾದಾಗ, ಆತನ ವರ್ಕ್‌ಶಾಪ್ ಪಾಲುದಾರನ ಕೈಯಲ್ಲಿ ಸಿಕ್ಕಿ ಮುಳುಗುವ ಸ್ಥಿತಿಯಲ್ಲಿತ್ತು. ಬರ್ತಾ ಮದುವೆಗೂ ಮೊದಲೇ ತಮ್ಮ ವರದಕ್ಷಿಣೆ ಹಣ ತರಿಸಿ ಪಾಲುದಾರನ ಪಾಲು ಬಿಡಿಸಿದರು. 1872ರಲ್ಲಿ ಮದುವೆ ಆಯ್ತು. ಅಂದಿನ ಕಾನೂನಿನಂತೆ ಮದುವೆಯಾದ ಮೇಲೆ ಹೆಂಡತಿಯ ಹಣದ ಆಡಳಿತ ಗಂಡನದೇ. ಬಂಡವಾಳ ಹಾಕಿದವರು ಅವರು, ಹೆಸರು ಮಾತ್ರ ಎಲ್ಲೂ ಇಲ್ಲ.

ಮುಂದಿನ ವರ್ಷಗಳು ಸಾಲದಲ್ಲೇ ಕಳೆದವು. 1879ರ ಕೊನೆಯ ರಾತ್ರಿ, ಹೊಸ ವರ್ಷಕ್ಕೆ ಊರೆಲ್ಲ ಕಾಯ್ತಿದ್ದಾಗ, ಊಟ ಮುಗಿಸಿ ಇನ್ನೊಂದು ಸಲ ಪ್ರಯತ್ನ ಮಾಡೋಣ ಅಂತ ಗಂಡನನ್ನು ವರ್ಕ್‌ಶಾಪಿಗೆ ಕರೆದವರು ಬರ್ತಾ. ಅವತ್ತು ಟೂ ಸ್ಟ್ರೋಕ್ ಇಂಜಿನ್ ಮೊದಲ ಸಲ ಬಿಡದೆ ಓಡಿತು. ಅಲ್ಲಿಂದ ಮುಂದೆ 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹೋಯ್ತು. ಒಂದು ಸಿಲಿಂಡರ್, ಮುಕ್ಕಾಲು ಹಾರ್ಸ್‌ಪವರ್.

ಆ ಗಾಡಿಯಲ್ಲಿ ನಮ್ಮ ಕಾರಿನಂಥ ಕ್ಲಚ್ ಪ್ಲೇಟ್ ಇರಲಿಲ್ಲ. ಇಂಜಿನ್ನಿನಿಂದ ಒಂದು ಚಪ್ಪಟೆ ಬೆಲ್ಟ್ ಬರುತ್ತೆ. ಅದರ ಎದುರು ಅಡ್ಡ ಶಾಫ್ಟಿನ ಮೇಲೆ ಎರಡು ರಾಟೆ, ಒಂದು ಸಡಿಲ, ಒಂದು ಬಿಗಿ. ಬೆಲ್ಟ್ ಸಡಿಲ ರಾಟೆಯ ಮೇಲಿದ್ದರೆ ಇಂಜಿನ್ ಓಡುತ್ತೆ, ಗಾಡಿ ನಿಂತಿರುತ್ತೆ. ಲಿವರ್ ಮುಂದೆ ತಳ್ಳಿದರೆ ಬೆಲ್ಟ್ ಬಿಗಿ ರಾಟೆಗೆ ಜಾರಿ, ಚೈನ್ ಮೂಲಕ ಹಿಂದಿನ ಚಕ್ರ ತಿರುಗುತ್ತೆ. ಹಳೇ ಹಿಟ್ಟಿನ ಗಿರಣಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಇಂಜಿನ್ ನಿಲ್ಲಿಸದೆ ಚಕ್ರದಿಂದ ಬಿಡಿಸೋದೇ ಕ್ಲಚ್ಚಿನ ಕೆಲಸ, ಆಗಲೂ ಈಗಲೂ.

ಗಾಡಿ ಆಯ್ತು, ಕೊಳ್ಳುವವರು ಬರಲಿಲ್ಲ. ಜನ ನಂಬಲಿಲ್ಲ. ಕಾರ್ಲ್ ಸಣ್ಣ ಸಣ್ಣ ಓಡಾಟ ಬಿಟ್ಟು ದೂರಕ್ಕೆ ಒಯ್ಯಲಿಲ್ಲ. 1888ರ ಆಗಸ್ಟ್‌ನ ಒಂದು ಬೆಳಿಗ್ಗೆ, 39 ವರ್ಷದ ಬರ್ತಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳಾದ ಓಯ್ಗನ್ ಮತ್ತು ರಿಚರ್ಡ್‌ರನ್ನು ಕೂಡಿಸಿಕೊಂಡು ಮಾನ್‌ಹೈಮ್‌ನಿಂದ ಹೊರಟರು. ಹೊರಟಿದ್ದು ಎಲ್ಲಿಗೆ? ತವರಿಗೆ, ಫೋರ್ಟ್ಸ್‌ಹೈಮಿಗೆ. ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ, ಎತ್ತಿನ ಗಾಡಿ ಕುದುರೆ ಗಾಡಿಗಳ ದಾರಿ.

ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಕೊಂಡು ತುಂಬಿಸಿದರು. ಇಂಜಿನ್ ತಂಪು ಮಾಡಲು ಸಿಕ್ಕಸಿಕ್ಕಲ್ಲಿ ನೀರು ಹಾಕಿದರು. ಇಂಧನದ ನಳಿಗೆಯಲ್ಲಿ ಕಸ ಸಿಕ್ಕಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಇಗ್ನಿಷನ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಚೈನ್ ಸರಿ ಮಾಡಿಸಲು ಕಮ್ಮಾರನನ್ನು ಹುಡುಕಿದರು. ಇಳಿಜಾರಿನಲ್ಲಿ ಬ್ರೇಕಿನ ಮರದ ಕಟ್ಟಿಗೆ ಸವೆದುಹೋದಾಗ ಒಬ್ಬ ಚಮ್ಮಾರರಿಂದ ಅದಕ್ಕೆ ತೊಗಲು ಹೊಡೆಸಿದರು. ಕಡಿದಾದ ಏರು ಬಂದಾಗ ಗಾಡಿಗೆ ಶಕ್ತಿ ಸಾಲದೆ ಇಳಿದು ತಳ್ಳಿದರು. ಕತ್ತಲಾಗೋ ಹೊತ್ತಿಗೆ ತವರು ಮುಟ್ಟಿ ಗಂಡನಿಗೆ ಟೆಲಿಗ್ರಾಂ ಕಳಿಸಿದರು.

ನಮಗೆ ಮುಖ್ಯ ಅನಿಸಿದ್ದು ವಾಪಸ್ ಬಂದಮೇಲೆ ನಡೆದದ್ದು. ಎಲ್ಲಿ ಏನು ಕೆಟ್ಟಿತು ಅನ್ನೋದನ್ನು ಅವರು ಕಾರ್ಲ್ ಮುಂದೆ ಇಟ್ಟರು. ಏರು ಹತ್ತಲು ಇನ್ನೊಂದು ಗೇರ್ ಬೇಕು ಅಂದರು. ಬಂತು. ಬ್ರೇಕಿಗೆ ತೊಗಲಿನ ಹೊದಿಕೆಯೂ ಬಂತು. ಇವತ್ತು ಪ್ರತಿ ಬ್ರೇಕಿನಲ್ಲೂ, ಪ್ರತಿ ಕ್ಲಚ್ ಪ್ಲೇಟಿನಲ್ಲೂ ಇರೋ ಲೈನಿಂಗ್‌ನ ಯೋಚನೆ ಅದೇ, ತಿಕ್ಕಾಟ ಬೇಕಾದಲ್ಲಿ ಬದಲಾಯಿಸಬಹುದಾದ ಒಂದು ಪದರ. ಬೆಂಜ್ ಗಾಡಿ ದೂರ ಹೋಗಿ ಬರುತ್ತೆ ಅನ್ನೋದು ಜನಕ್ಕೂ ಗೊತ್ತಾಯ್ತು. ಕೆಲವೇ ವರ್ಷಗಳಲ್ಲಿ ಆ ಕಂಪನಿ ಜಗತ್ತಿನ ದೊಡ್ಡ ಕಾರು ತಯಾರಕರಲ್ಲಿ ಒಂದಾಯ್ತು. ಕಾರ್ಲ್ ತಮ್ಮ ಆತ್ಮಕಥೆಯಲ್ಲಿ, ಕಷ್ಟದ ದಿನಗಳಲ್ಲಿ ಕೈಬಿಡದೆ ನಿಂತವರು ಬರ್ತಾ ಎಂದು ನೆನೆದಿದ್ದಾರೆ. ಅವರು 1929ರಲ್ಲಿ ತೀರಿಕೊಂಡರು.

ಬರ್ತಾ ಇನ್ನೂ 15 ವರ್ಷ ಬದುಕಿದರು. ಕಾರ್ಲ್ ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ 1944ರ ಮೇ 3ರಂದು, ಅವರ 95ನೇ ಹುಟ್ಟುಹಬ್ಬದ ದಿನ, ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಓದುವ ವಯಸ್ಸಿನಲ್ಲಿ ಮುಚ್ಚಿದ್ದ ಬಾಗಿಲು ತೆಗೆಯುವ ಹೊತ್ತಿಗೆ ಅಷ್ಟು ವರ್ಷ ಕಳೆದಿತ್ತು. ಎರಡು ದಿನದ ನಂತರ, ಮೇ 5ರಂದು, ಅವರು ತೀರಿಕೊಂಡರು.

ನಮ್ಮ ಕಾಲೇಜಿನಲ್ಲಿ ಬಾಗಿಲೇನೋ ತೆಗೆದಿದೆ. ಆದರೆ ವರ್ಕ್‌ಶಾಪ್ ಲ್ಯಾಬಿನಲ್ಲಿ ಸ್ಪ್ಯಾನರ್ ಯಾರ ಕೈಗೆ ಹೋಗುತ್ತೆ, ರೆಕಾರ್ಡ್ ಬರೆಯೋ ಕೆಲಸ ಯಾರ ಪಾಲಿಗೆ ಬರುತ್ತೆ ಅಂತ ನಾವೇ ಒಂದು ಸಲ ನೋಡಿಕೊಂಡರೆ ಸಾಕು. ಕೃಷ್ಣೆಯ ದಂಡೆಯಲ್ಲಿ ನಾವು ನಾಲ್ವರು ಮಾಡಿದ್ದೂ ಅದನ್ನೇ. ಮುಂದಿನ ರಜೆಗೆ ಮತ್ತೆ ಅದೇ ಕಾರು, ಅದೇ ದಾರಿ ಅಂತ ಗೊತ್ತುಮಾಡಿದ್ದೇವೆ. ಏನಾದರೂ ಕೆಟ್ಟರೆ ಟಾರ್ಚ್ ಹಿಡಿಯೋ ಪಾಳಿ ಈ ಸಲ ನಮ್ಮದು.